ಮೂರು ಸಲ ಎಳೆ ಕಡಿದರೆ

ಚಾಚಾ ಅವರ ಬೆರಳ ತುದಿಗಳು ಯಾವಾಗಲೂ ನೆನೆದು, ಬೆಳ್ಳಗಾಗಿ, ಸುಕ್ಕುಗಟ್ಟಿರುತ್ತಿದ್ದವು. ಕುದಿನೀರಿನಲ್ಲಿ ರೇಷ್ಮೆ ಗೂಡು ಬೇಯಿಸಿ ಎಳೆ ತೆಗೆಯುವವರ ಕೈ ಹಾಗೇ. ಆ ಬೆರಳುಗಳಿಗೆ ಬಿಸಿ ಗೊತ್ತಾಗುತ್ತಿರಲಿಲ್ಲ. ಆಗತಾನೆ ಇಳಿಸಿದ ಟೀ ಲೋಟವನ್ನು ನಾವೆಲ್ಲ ಬಟ್ಟೆಯಲ್ಲಿ ಹಿಡಿದು ಒದ್ದಾಡುತ್ತಿದ್ದರೆ ಅವರು ಬರಿಗೈಯಲ್ಲಿ ಹಿಡಿದು, ಮಾತು ಮುಗಿಯುವ ತನಕ ಹಾಗೇ ನಿಂತಿರುತ್ತಿದ್ದರು. ಆದರೆ ವಾಲಿಬಾಲಿನಲ್ಲಿ ಗಾಳಿ ಒಂದಿಷ್ಟು ಕಡಿಮೆಯಿದ್ದರೆ ಮಾತ್ರ ಅದೇ ಬೆರಳಿಗೆ ಥಟ್ಟನೆ ಗೊತ್ತಾಗುತ್ತಿತ್ತು. ಅದು ಹೇಗೋ ನನಗೆ ಇವತ್ತಿಗೂ ತಿಳಿದಿಲ್ಲ.

ಶಿಡ್ಲಘಟ್ಟದಲ್ಲಿ ನಮ್ಮ ಹಿತ್ತಿಲ ಗೋಡೆಯ ಆಚೆಗೇ ಅವರ ನೂಲು ಬಿಚ್ಚುವ ಶೆಡ್ಡು. ಬೆಳಗಾದರೆ ರಾಟೆಯ ಕಿರ್ರ್ ಸದ್ದು, ಬೆಂದ ಹುಳುವಿನ ವಾಸನೆ. ನೆಂಟರು ಬಂದು ಮೂಗು ಮುಚ್ಚಿಕೊಂಡರೆ ಅಮ್ಮ, "ಅದು ಈ ಊರಿನ ಅನ್ನದ ವಾಸನೆ ಕಣ್ರೀ, ಎರಡು ದಿನ ಇರಿ, ಸರಿಹೋಗುತ್ತೆ" ಎನ್ನುತ್ತಿದ್ದಳು. ನಮಗೂ ಅವರಿಗೂ ರಕ್ತಸಂಬಂಧವೇನೂ ಇಲ್ಲ. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು, ನಾವೂ ಎಂದೆವು. ರಂಜಾನಿಗೆ ಆ ಕಡೆಯಿಂದ ಸುರ್‌ಕುಂಬದ ಪಾಯಸ, ಯುಗಾದಿಗೆ ಈ ಕಡೆಯಿಂದ ಒಬ್ಬಟ್ಟು ಗೋಡೆ ಹಾರುತ್ತಿದ್ದವು.

ಗೂಡು ಬೇಯಿಸುವ ಬಾಣಲೆಯ ಕೆಲಸ ಮುಗಿದರೆ ಅವರಿಗೆ ಇನ್ನೊಂದೇ ಪ್ರಪಂಚ, ವಾಲಿಬಾಲು. ಊರಿನ ತಂಡಕ್ಕೆ ಕೋಚು, ಮ್ಯಾನೇಜರು, ನೆಟ್ ಕಟ್ಟುವವರು, ಗೆರೆಗೆ ಸುಣ್ಣ ಹಾಕುವವರು, ಸೋತವರಿಗೆ ಬೈಯುವವರು ಎಲ್ಲಾ ಅವರೇ. ಅವರ ಬಳಿ ಉದ್ದನೆಯ ನೋಟ್‌ಪುಸ್ತಕಗಳಿದ್ದವು. ಆಟಗಾರನಿಗೊಂದು ಪುಟ. ಸರ್ವ್ ಸರಿಯಾಗಿ ಬಿದ್ದರೆ ಒಂದು ಸೊನ್ನೆ, ನೆಟ್ಟಿಗೋ ಹೊರಗೋ ಹೋದರೆ ಒಂದು ಗೀಟು. ಓದು ನಾಲ್ಕನೇ ಕ್ಲಾಸಿಗೆ ನಿಂತಿತ್ತು. ಆ ಸೊನ್ನೆ ಗೀಟುಗಳನ್ನು ಮಾತ್ರ ಅವರು ಪೇಪರ್ ಓದಿದಷ್ಟು ಸಲೀಸಾಗಿ ಓದುತ್ತಿದ್ದರು. "ನೋಡು, ಇವನು ಈ ವಾರ ಫಾರಮ್ಮಲ್ಲಿದ್ದಾನೆ. ಇವನದು ಹೋಯ್ತು, ಕೈ ಬಿಟ್ಟಿದೆ" ಎಂದು ಬೆರಳಿಟ್ಟು ತೋರಿಸುತ್ತಿದ್ದರು.

ಅವರ ಫಾರಮ್ಮಿನ ನಂಬಿಕೆ ಬಂದದ್ದು ಬಾಣಲೆಯಿಂದ. ಎಳೆ ತೆಗೆಯುವಾಗ ಒಂದು ಸಲ ಕಡಿದರೆ ಗಂಟು ಹಾಕಿ ಮುಂದುವರಿಸುತ್ತಾರೆ. ಎರಡು ಸಲ ಕಡಿದರೂ ಗಂಟೇ. ಸಾಲಾಗಿ ಮೂರನೇ ಸಲವೂ ಕಡಿದರೆ ಇನ್ನು ಗಂಟು ಹಾಕುತ್ತ ಕೂರುವುದು ದಡ್ಡತನ. ನೀರು ಕೆಟ್ಟಿದೆ, ಇಲ್ಲವೇ ಗೂಡು ಹೆಚ್ಚು ಬೆಂದಿದೆ. ಆ ನೀರನ್ನು ಚೆಲ್ಲಿ ಹೊಸ ನೀರು ಹಾಕಬೇಕು. "ಮೂರು ಸಲ ಎಳೆ ಕಡೀತಾ? ನೀರು ಬದಲಾಯಿಸು, ಅಷ್ಟೇ" ಎನ್ನುವುದು ಶೆಡ್ಡಿನಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತಿದ್ದ ಮಾತು. ಕೋರ್ಟಿನಲ್ಲೂ ಅದೇ ಕಾನೂನು. ಸಾಲಾಗಿ ಮೂರು ಸರ್ವ್ ಕೆಡಿಸಿದವನು ಎಂಥ ಶೂರನಾದರೂ ಹೊರಗೆ ಕೂರಬೇಕು. ಯಾರೂ ತಕರಾರು ಮಾಡುತ್ತಿರಲಿಲ್ಲ, ಏಕೆಂದರೆ ತಂಡದಲ್ಲಿ ಅರ್ಧಕ್ಕರ್ಧ ಜನ ಬಾಣಲೆಯವರೇ.

ಚಾಚಾಗೆ ಒಬ್ಬ ತಮ್ಮ ಇದ್ದ. ಅವರಿಗಿಂತ ಹದಿನೈದು ವರ್ಷ ಚಿಕ್ಕವನು, ಮಗನ ಹಾಗೆ ಸಾಕಿದ್ದು. ಅವನು ಹಾರಿ ಸರ್ವ್ ಹೊಡೆದರೆ ಚೆಂಡು ನೆಲಕ್ಕೆ ಬಿದ್ದ ಸದ್ದು ನಮ್ಮ ಹಿತ್ತಿಲಿಗೆ ಕೇಳುತ್ತಿತ್ತು ಎಂದು ಅಪ್ಪ ಉತ್ಪ್ರೇಕ್ಷೆ ಮಾಡುತ್ತಿದ್ದರು. ಆ ವರ್ಷ ಚಿಕ್ಕಬಳ್ಳಾಪುರದಲ್ಲಿ ದೊಡ್ಡ ಪಂದ್ಯಾವಳಿ. ಫೈನಲ್ ನೋಡಲು ಬೆಂಗಳೂರಿನಿಂದ ಇಬ್ಬರು ಬರುತ್ತಾರೆ, ಚೆನ್ನಾಗಿ ಆಡಿದವನಿಗೆ ಸರ್ಕಾರಿ ತಂಡದಲ್ಲಿ ಜಾಗ, ಜೊತೆಗೆ ಖಾಯಂ ನೌಕರಿ ಎಂದು ಸುದ್ದಿ. ಕೊಡುವುದಾದರೆ ಚಾಚಾ ಅವರ ತಮ್ಮನಿಗಲ್ಲದೆ ಇನ್ಯಾರಿಗೆ? ಊರಿನಿಂದ ಎರಡು ಟೆಂಪೊ ಹೊರಟವು. ನನಗಾಗ ಹತ್ತೋ ಹನ್ನೊಂದೋ, ಅಪ್ಪನ ತೊಡೆಯ ಮೇಲೆ ಕೂತು ಹೋಗಿದ್ದೆ.

ಎರಡೆರಡು ಸೆಟ್ ಸಮ ಆಗಿ ಐದನೆಯದು ನಡೆಯುತ್ತಿತ್ತು. ತಮ್ಮನ ಮೊದಲ ಸರ್ವ್ ನೆಟ್ಟಿಗೆ. ಸರದಿ ತಿರುಗಿ ಬಂದಾಗ ಎರಡನೆಯದೂ ನೆಟ್ಟಿಗೆ. ಮತ್ತೆ ಬಂದಾಗ ಮೂರನೆಯದು ಗೆರೆಯಿಂದ ಮಾರುದೂರ ಆಚೆ. ಬೆಂಗಳೂರಿನವರು ಕುರ್ಚಿಯಲ್ಲಿ ಕೂತು ನೋಡುತ್ತಲೇ ಇದ್ದರು. ಚಾಚಾ ಪುಸ್ತಕದಲ್ಲಿ ಗೀಟು ಎಳೆದರು, ಎದ್ದರು, ಕೈಸನ್ನೆ ಮಾಡಿ ತಮ್ಮನನ್ನು ಹೊರಗೆ ಕರೆದರು. ತಮ್ಮ ನಂಬಲಿಲ್ಲ. "ಭಾಯ್, ಇನ್ನೊಂದು ಛಾನ್ಸ್ ಕೊಡು, ಒಂದೇ ಒಂದು" ಎಂದು ಎದೆಗೆ ಬೆರಳಿಟ್ಟು ಕೇಳಿದ್ದನ್ನು ನಾನೇ ನೋಡಿದೆ. ಚಾಚಾ ಅವನ ಮುಖ ನೋಡದೆ ಬದಲಿ ಹುಡುಗನ ಬೆನ್ನು ತಟ್ಟಿ ಒಳಗೆ ಕಳಿಸಿದರು.

ನಾವು ಗೆದ್ದೆವು. ಬೆಂಗಳೂರಿನವರು ಎದುರು ತಂಡದ ಗೌರಿಬಿದನೂರು ಕಡೆಯ ಒಬ್ಬನ ಹೆಸರು ಬರೆದುಕೊಂಡು ಹೊರಟುಹೋದರು. ತಮ್ಮ ಟೆಂಪೊ ಹತ್ತಲಿಲ್ಲ, ಬಸ್ಸಿನಲ್ಲಿ ಒಬ್ಬನೇ ಬಂದ. ಆಮೇಲೆ ಅಂಗಡಿಯೆದುರು, ಮಸೀದಿಯೆದುರು, ಕಂಡಕಂಡವರಿಗೆ, "ನಮ್ಮಣ್ಣನೇ ನನ್ನ ಬಾಳಿಗೆ ಮಣ್ಣು ಹಾಕ್ದ" ಎನ್ನುತ್ತ ತಿರುಗಿದ. ಮುಂದಿನ ಬೇಸಿಗೆಯೊಳಗೆ ಮುರುಗಮಲ್ಲದ ಕಡೆಯ ಹೆಣ್ಣನ್ನು ಮದುವೆಯಾಗಿ ಅಲ್ಲೇ ನೆಲೆಸಿದ. ದರ್ಗಾದ ಬೀದಿಯಲ್ಲಿ ಹೂವು, ಊದುಬತ್ತಿ, ಸಕ್ಕರೆ ಮಾರುವ ಅಂಗಡಿ. ಶಿಡ್ಲಘಟ್ಟಕ್ಕೂ ಮುರುಗಮಲ್ಲಕ್ಕೂ ಎಷ್ಟು ದೂರ? ಚಿಂತಾಮಣಿಯಲ್ಲಿ ಬಸ್ಸು ಬದಲಾಯಿಸಿದರೆ ಮಧ್ಯಾಹ್ನದ ಊಟಕ್ಕೆ ಹೋಗಿಬರಬಹುದು. ಇಪ್ಪತ್ತು ವರ್ಷಕ್ಕೂ ಮೇಲೆ ಅಣ್ಣತಮ್ಮಂದಿರು ಮುಖ ನೋಡಲಿಲ್ಲ. "ಕಪ್ ಬಂತು, ತಮ್ಮ ಹೋದ" ಎಂದು ಚಾಚಾ ಒಮ್ಮೆ ಅಪ್ಪನ ಹತ್ತಿರ ಹೇಳಿ, ತಕ್ಷಣ ಗೂಡಿನ ಮಾತು ತೆಗೆದರಂತೆ.

ಚಾಚಾ ಅವರ ಋಣ ನನ್ನ ತಲೆಗೆ ಬಂದದ್ದು ಇಲ್ಲಿಂದ. ಎರಡು ಮೂರು ವರ್ಷದ ಮೇಲೆ ನಮ್ಮ ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳ ತಂಡ ಕಟ್ಟಿದಾಗ ಕಲಿಸಲು ಬಂದವರು ಚಾಚಾ. "ಹೆಣ್ಮಕ್ಳಿಗೆ ಚಡ್ಡಿ ಹಾಕಿಸ್ತೀರಾ?" ಎಂದು ಕೇಳಿದ ಅಜ್ಜಿಗೆ, "ಪ್ಯಾಂಟೇ ಹಾಕ್ಲಿ ಅಮ್ಮಾ, ಚೆಂಡಿಗೇನು ಗೊತ್ತಾಗುತ್ತೆ" ಎಂದು ನಗಿಸಿ ನನ್ನನ್ನು ಬಿಡಿಸಿಕೊಂಡು ಹೋದರು. ಗೌರಿಬಿದನೂರಿನಲ್ಲಿ ತಾಲ್ಲೂಕುಗಳ ನಡುವಿನ ಪಂದ್ಯ. ಆವತ್ತು ನನಗೇನು ಗ್ರಹಚಾರ ಹಿಡಿದಿತ್ತೋ, ಸಾಲಾಗಿ ಐದು ಸರ್ವ್ ನೆಟ್ಟಿಗೆ ಹೊಡೆದೆ. ಮೂರನೆಯದಕ್ಕೇ ಹೊರಗೆ ಕರೆಯುತ್ತಾರೆ ಎಂದು ಕಾದೆ, ಕರೆಯಲಿಲ್ಲ. ನಾಲ್ಕನೆಯದಕ್ಕೆ ನನ್ನ ಜೊತೆಯವರೇ ಗೊಣಗಿದರು. ಐದನೆಯದಕ್ಕೆ ನಾನೇ ಅಳುತ್ತ ಗೆರೆಯ ಹತ್ತಿರ ಹೋಗಿ, "ನನ್ನನ್ನ ಕೂರಿಸಿ ಚಾಚಾ, ಬೇರೆಯವಳನ್ನ ಹಾಕಿ, ನಿಮ್ಮ ದಮ್ಮಯ್ಯ" ಎಂದೆ.

ಅವರ ಮುಖ ಕೆಂಪಾಯಿತು. "ಕೂರಿಸಲ್ಲ" ಎಂದರು. "ಬಾಲ್ ಹೊರಗೆ ಹೋದ್ರೆ ಹೋಗ್ಲಿ ಬೇಟಿ. ನೀನು ಹೊರಗೆ ಬರ್ಬೇಡ."

ಆರನೆಯದು ಬಿತ್ತು. ಏಳನೆಯದೂ ಬಿತ್ತು. ಆದರೂ ಪಂದ್ಯ ಸೋತೆವು. ಮಂಚೇನಹಳ್ಳಿ ದಾರಿಯ ಬಸ್ಸಿನಲ್ಲಿ ಹುಡುಗಿಯರು ನನ್ನ ಜೊತೆ ಟೂ ಬಿಟ್ಟು ಕೂತಾಗ ಚಾಚಾ ನನ್ನ ಪಕ್ಕ ಬಂದು ಕೂತು, ಕಡಲೆಕಾಯಿ ಸುಲಿದು ಸುಲಿದು ಕೈಗೆ ಹಾಕುತ್ತಿದ್ದರು. ಅವರ ಮೂರರ ಕಾನೂನು ಯಾವಾಗ ಹೋಯಿತು ಎಂದು ಕೇಳುವ ವಯಸ್ಸು ನನ್ನದಲ್ಲ. ಆದರೆ ಮುಂದೆ ಬಿ.ಎಡ್ ಪರೀಕ್ಷೆ ಕೆಟ್ಟಾಗ, ಮದುವೆಯಾದ ಹೊಸತರಲ್ಲಿ ಎರಡು ಬಸಿರು ನಿಲ್ಲದೆ ಹೋದಾಗ, ನಾನು ಹಿಡಿದುಕೊಂಡಿದ್ದು ಆ ಒಂದು ಮಾತನ್ನು. ನೀನು ಹೊರಗೆ ಬರಬೇಡ.

ಮದುವೆಯ ಮೇಲೂ ಅಮ್ಮನ ಮನೆಯಲ್ಲೇ ಉಳಿದು, ನಾನು ಅದೇ ಊರಿನಲ್ಲಿ ಗಣಿತದ ಟೀಚರಾದೆ. ನನ್ನದು ಮೊದಲಿನಿಂದಲೂ ಕೊಂಚ ಜಂಬದ ಬಾಯಿ. ಟಿ.ವಿ.ಯಲ್ಲಿ ಕ್ರಿಕೆಟ್ ನೋಡುತ್ತ ಯಾರಾದರೂ "ಇವನಿಗೆ ಫಾರಂ ಹೋಗಿದೆ" ಎಂದರೆ ಸಾಕು, ನಾನು ನಾಣ್ಯ ತೆಗೆದು ಪಾಠ ಶುರು ಮಾಡುತ್ತಿದ್ದೆ. ಇದು ಊರಿಗೆಲ್ಲ ಗೊತ್ತು. ಚಾಚಾಗೂ ಗೊತ್ತಿತ್ತು. ಅಷ್ಟು ಹೊತ್ತಿಗೆ ಹಬೆ, ಹೊಗೆ ಕುಡಿದು ಕುಡಿದು ಅವರ ಎದೆ ಕೆಟ್ಟಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಂತು ದಮ್ಮು ಎಳೆಯುತ್ತಿದ್ದರು. ಶೆಡ್ಡು ಮುಚ್ಚಿತ್ತು.

ಹೋದ ದಸರಾ ರಜೆಯ ಮೊದಲ ದಿನ ಗೂಡಿನ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮನೆಗೆ ಬಂದರು. ಒಳಗೆ ಆ ನೋಟ್‌ಪುಸ್ತಕಗಳು, ಎಲ್ಲಾ ವರ್ಷದವು. ಮೂವತ್ತಕ್ಕೂ ಹೆಚ್ಚು.

"ಟೀಚರಮ್ಮಾ, ಫಾರಂ ಅನ್ನೋದು ಸುಳ್ಳು ಅಂತೀಯಂತೆ. ಹೌದಾ?"

"ಹೌದು ಚಾಚಾ, ಅದು ನಮ್ಮ ಕಣ್ಣಿನ ಭ್ರಮೆ."

"ಬರೀ ಬಾಯಲ್ಲಿ ಬೇಡ. ಇದ್ರಲ್ಲಿ ಎಣಿಸಿ ಹೇಳು. ಮೂರು ಗೀಟು ಸಾಲಾಗಿ ಬಿದ್ಮೇಲೆ ನಾಲ್ಕನೇದು ಏನಾಗಿದೆ ಅಂತ ನೋಡು. ನಂಗೆ ಗೊತ್ತಾಗ್ಬೇಕು ಅಮ್ಮಾ."

ನನಗೆ ಹಬ್ಬ! ಇಂಥ ಗಣಿ ಯಾವ ಟೀಚರಿಗೆ ಸಿಗುತ್ತದೆ? ಮನೆಯವರಿಗೆ ಚಿತ್ರಾನ್ನ ಮಾಡಿಟ್ಟು ಒಂದು ವಾರ ಪುಸ್ತಕಗಳ ಮುಂದೆ ಕೂತೆ. ಮೂರು ಗೀಟು ಸಾಲಾಗಿ ಬಿದ್ದ ಜಾಗಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತಿ, ಅದರ ಮುಂದಿನ ಸರ್ವ್, ಆವತ್ತಿನದೋ ಮುಂದಿನ ಆಟದ್ದೋ, ಏನಾಯಿತು ಎಂದು ಎಣಿಸಿದೆ. ಒಂದು ಪುಟದಲ್ಲಿ ಮೂರು ಗೀಟಿನ ಮುಂದೆ ಏನೂ ಇರಲಿಲ್ಲ, ಪುಟ ಅಲ್ಲಿಗೇ ನಿಂತಿತ್ತು. ಮುಂದಿನದು ಇಲ್ಲದ ಮೇಲೆ ನನ್ನ ಎಣಿಕೆಗೆ ಅದು ಉಪಯೋಗವಿಲ್ಲ ಎಂದು ಅಡ್ಡಗೆರೆ ಎಳೆದು ತಿರುಗಿಸಿಬಿಟ್ಟೆ. ಯಾರ ಪುಟ ಎಂದು ಕೂಡ ನೋಡಲಿಲ್ಲ. ನಾನು ಟೀಚರಂತೆ, ನನ್ನ ಬುದ್ಧಿಗಿಷ್ಟು!

ಚಾಚಾ ಬಂದರು. ಜಗಲಿಯ ಮೇಲೆ ಕೂರಿಸಿ, ಸ್ಲೇಟಿನಲ್ಲಿ ಬರೆದು ಬರೆದು ತೋರಿಸಿದೆ. ಸಾಲಾಗಿ ಮೂರು ಕೆಡಿಸಿದವನು ನಾಲ್ಕನೆಯದನ್ನು ಕೆಡಿಸುವುದೂ, ಮಾಮೂಲಿ ದಿನ ಕೆಡಿಸುವುದೂ ಹೆಚ್ಚುಕಡಿಮೆ ಒಂದೇ. "ನಾಣ್ಯ ಚಿಮ್ಮಿದ್ರೂ ಮೂರು ನಾಲ್ಕು ಸಲ ಸಾಲಾಗಿ ಒಂದೇ ಕಡೆ ಬೀಳುತ್ತೆ ಚಾಚಾ. ಅಯ್ಯೋ ಪಾಪ, ನಾಣ್ಯಕ್ಕೆ ಫಾರಂ ಹೋಯ್ತು ಅಂತೀವಾ?" ಎಂದು ನನ್ನ ಜಾಣತನಕ್ಕೆ ನಾನೇ ನಕ್ಕೆ.

ಅವರು ನಗಲಿಲ್ಲ. "ಅಂದ್ರೆ ಮೂರು ಹೋದವನು ನಾಲ್ಕನೇದು ಹಾಕ್ತಿದ್ದ?"

"ಹಾಕ್ತಿದ್ದ ಚಾಚಾ. ಹಾಕೋ ಸಾಧ್ಯತೆನೇ ಜಾಸ್ತಿ."

"ಬಾಣಲೆ ಬೇರೆ, ಮನುಷ್ಯ ಬೇರೆ."

"ಹೂಂ ಚಾಚಾ, ಅಷ್ಟೇ."

"ಒಂದೇ ಒಂದು ಛಾನ್ಸ್ ಕೇಳಿದ್ನಲ್ಲಮ್ಮಾ" ಎಂದರು. ನನಗಲ್ಲ, ಯಾರಿಗೋ ಹೇಳುವಂತೆ. ಆಮೇಲೆ ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು. ಟೀ ಕುಡಿಯದೆ ಹೊರಟರು. ಆಗಲೂ ನನಗೆ ಹೊಳೆಯಲಿಲ್ಲ. ಒಳಗಿನಿಂದ ಎಲ್ಲಾ ಕೇಳಿಸಿಕೊಳ್ಳುತ್ತಿದ್ದ ಅಮ್ಮ ಹೊರಗೆ ಬಂದು ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ ಓದಿಗಿಷ್ಟು ಬೆಂಕಿ ಹಾಕ! ತಮ್ಮನ್ನ ಕೂರಿಸಿದ್ದು ಸರಿನೋ ತಪ್ಪೋ ಅಂತ ಕೇಳೋಕೆ ಬಂದಿದ್ರು ಕಣೇ ಆ ಮನುಷ್ಯ. ಇಪ್ಪತ್ತು ವರ್ಷದಿಂದ ಅದನ್ನೇ ನುಂಗ್ತಾ ಇದ್ರು. ಯಾಕೆ ಕೇಳ್ತಿದೀರಾ ಅಂತ ಒಂದು ಮಾತು ಕೇಳ್ಬಾರ್ದಿತ್ತಾ ನೀನು?" ಗೌರಿಬಿದನೂರಿನಲ್ಲಿ ನನ್ನನ್ನು ಯಾಕೆ ಕೂರಿಸಲಿಲ್ಲ ಎಂದು ನನಗೆ ಗೊತ್ತಾದದ್ದೂ ಆ ಕ್ಷಣವೇ. ಅಳು ಬಂತು. ಗೋಡೆಯ ಹತ್ತಿರ ಹೋಗಿ ನಿಂತೆ. ಆ ಕಡೆಯಿಂದ ದಮ್ಮು ಎಳೆಯುವ ಸದ್ದು ಕೇಳುತ್ತಿತ್ತು. ಕೂಗಲು ಧೈರ್ಯ ಬರಲಿಲ್ಲ.

ಆದರೆ ರಜೆ ಮುಗಿದ ಮೇಲಿನ ಮೊದಲ ಮಂಗಳವಾರ ಒಂದು ಆಶ್ಚರ್ಯ. ಸ್ಕೂಲಿಗೆ ಹೋಗುವಾಗ ನೋಡುತ್ತೇನೆ, ಇಸ್ತ್ರಿ ಮಾಡಿದ ಬಿಳಿ ಜುಬ್ಬ ತೊಟ್ಟು, ಕೈಯಲ್ಲೊಂದು ಪೊಟ್ಟಣ ಹಿಡಿದು ಚಾಚಾ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾರೆ.

"ಎಲ್ಲಿಗೆ ಚಾಚಾ?"

"ಮುರುಗಮಲ್ಲಕ್ಕೆ. ತಪ್ಪು ನಂದು ಅಂತ ಲೆಕ್ಕದಲ್ಲಿ ಬಂದ್ಮೇಲೆ ಹೋಗ್ದೆ ಇರೋಕಾಗುತ್ತಾ ಬೇಟಿ?"

ಸಂಜೆ ಗೋಡೆಯ ಆ ಕಡೆಯಿಂದ ತಾವಾಗಿಯೇ ಕರೆದು ಹೇಳಿದರು. ತಮ್ಮ ಮಾತಾಡಿಸಿದನಂತೆ. ಇಬ್ಬರೂ ಅಂಗಡಿಯ ಹಿಂದೆ ಕೂತು ಅತ್ತರಂತೆ. ಹುಣಸೆಹಣ್ಣಿನ ಸಾರು ಮಾಡಿಸಿ ಊಟ ಹಾಕಿದನಂತೆ. ಅಲ್ಲಿಂದ ಪ್ರತಿ ಮಂಗಳವಾರ, ದರ್ಗಾಕ್ಕೆ ಜನ ಕಡಿಮೆ ಇರುವ ದಿನ ಎಂದು, ಚಾಚಾ ದಮ್ಮು ಕಟ್ಟಿಕೊಂಡೇ ಬಸ್ಸು ಹತ್ತುತ್ತಿದ್ದರು. ನನ್ನ ಎದೆ ಹಗುರವಾಯಿತು. ನೋಡಿದೆಯಾ, ನನ್ನ ಲೆಕ್ಕದಿಂದ ಒಳ್ಳೆಯದೇ ಆಯಿತು ಎಂದು ಅಮ್ಮನ ಹತ್ತಿರ ಜಂಬ ಕೊಚ್ಚಿದೆ. ಅಮ್ಮ ಎದ್ದು ಒಲೆಯ ಕಡೆ ಹೋದಳು.

ಚಳಿ ಕಳೆಯುವ ಮೊದಲೇ ಚಾಚಾ ಹೋದರು. ಸೋಮವಾರ ಬೆಳಗ್ಗೆ ಎದೆ ಕಟ್ಟಿ, ಆಸ್ಪತ್ರೆ ಮುಟ್ಟುವ ಮೊದಲೇ. ಮಾರನೆಯ ದಿನಕ್ಕೆಂದು ಜುಬ್ಬ ಒಗೆದು ಒಣಹಾಕಿದ್ದರು. ನಾನು ಗೋಡೆಯ ಈ ಕಡೆಯಿಂದ ಅದನ್ನು ನೋಡುತ್ತಲೇ ಇದ್ದೆ, ಮೂರು ದಿನ ಯಾರೂ ತೆಗೆಯಲಿಲ್ಲ.

ಮೂರನೆಯ ದಿನ ಜಿಯಾರತ್ತಿನ ಪ್ರಾರ್ಥನೆಗೆಂದು ಅವರ ಮನೆಗೆ ಹೋದೆ. ಚಾಪೆಯ ಒಂದು ತುದಿಯಲ್ಲಿ ಕೂತಿದ್ದ ನರೆತ ಗಡ್ಡದವನನ್ನು ತಮ್ಮ ಎಂದು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಹೆಂಗಸರ ಕಡೆ ಕೂತು ಎದ್ದು ಬರುವಾಗ ಅವನೇ ಬಾಗಿಲವರೆಗೆ ಬಂದ.

"ನೀವೇ ಅಲ್ವಾ ಲೆಕ್ಕ ಮಾಡಿದ ಮೇಡಂ?"

ಹೂಂ ಎಂದೆ. ಥ್ಯಾಂಕ್ಸ್ ಹೇಳುತ್ತಾನೆ ಎಂದುಕೊಂಡೆ.

"ಆ ಲೆಕ್ಕ ತಪ್ಪು ಮೇಡಂ" ಎಂದ. "ಫೈನಲ್‌ಗೆ ಎರಡು ದಿನ ಮುಂಚೆ ಗೂಡಿನ ಮೂಟೆ ಎತ್ತೋವಾಗ ನನ್ನ ಹೆಗಲು ಹಿಡ್ಕೊಂಡ್ತು. ಕೈ ಎತ್ತಿದ್ರೆ ಜೀವ ಹೋಗೋದು. ಹೇಳಿದ್ರೆ ಆಡಿಸಲ್ಲ, ಬೆಂಗಳೂರಿನೋರು ನೋಡಲ್ಲ ಅಂತ ಯಾರಿಗೂ ಹೇಳ್ಲಿಲ್ಲ. ಬನಿಯನ್ ಒಳಗೆ ಬಟ್ಟೆ ಬಿಗಿದು ಇಳಿದೆ. ನಾಲ್ಕು ಸೆಟ್ ಹೇಗೋ ತಳ್ಳಿದೆ, ಐದನೇದ್ರಲ್ಲಿ ಕೈ ಕಿವಿಯಿಂದ ಮೇಲಕ್ಕೆ ಏಳ್ಲೇ ಇಲ್ಲ. ಇನ್ನೂ ಹತ್ತು ಛಾನ್ಸ್ ಕೊಟ್ಟಿದ್ರೂ ಹತ್ತೂ ನೆಟ್ಟಿಗೇ."

ಎಲ್ಲರ ಗೀಟನ್ನೂ ಒಂದೇ ರಾಶಿಗೆ ಸುರಿದು ಎಣಿಸಿದವಳು ನಾನು. ಆ ರಾಶಿಯಲ್ಲಿ ಸುಮ್ಮನೆ ಬಿದ್ದ ಗೀಟುಗಳೇ ಬಹಳ ಇರಬಹುದು. ಫಾರಂ ಎನ್ನುವುದು ಬಹಳ ಸಲ ಭ್ರಮೆಯೂ ಇರಬಹುದು, ಈಗಲೂ ನನಗೆ ಖಚಿತವಾಗಿ ಗೊತ್ತಿಲ್ಲ. ಆದರೆ ಆವತ್ತಿನ ಮೂರು ಗೀಟು ಹೆಗಲಿನವು. ಅದು ಕಂಡಿದ್ದು, ಹೆಗಲಿನ ಸುದ್ದಿಯೇ ಗೊತ್ತಿಲ್ಲದ ಚಾಚಾ ಒಬ್ಬರಿಗೆ. ಪುಟ ಅಲ್ಲಿಗೇ ನಿಂತಿದೆ ಎಂದು ಅದನ್ನು ಹೊಡೆದುಹಾಕಿದವಳು ನಾನು.

"ಮೊದ್ಲು ಸಿಟ್ಟಲ್ಲಿ ಅಣ್ಣನ ಮೇಲೆ ಹಾಕ್ದೆ" ಎಂದ ತಮ್ಮ. "ಊರೆಲ್ಲಾ ಹೇಳ್ಕೊಂಡು ತಿರುಗಿದ್ಮೇಲೆ ವಾಪಸ್ ನುಂಗೋದು ಹೇಗೆ? ನಾಚಿಕೆಗೆ ಈ ಕಡೆ ಮುಖ ಹಾಕ್ಲಿಲ್ಲ. ಅವನಾಗೇ ಬಂದು ಕಾಲು ಹಿಡಿಯೋಕೆ ಬಗ್ಗಿದ. ಆವತ್ತು ಹೇಳ್ಬೇಕಿತ್ತು. ನಾಳೆ ಹೇಳಣ, ಮುಂದಿನ ಮಂಗಳವಾರ ಹೇಳಣ ಅಂದ್ಕೊಂಡೆ. ತಪ್ಪು ಅವನದಲ್ಲ ಅಂತ ಗೊತ್ತಾದ್ರೆ, ನಾನೇ ಮೋಸ ಮಾಡ್ದೆ ಅಂತ ಬರೋದೇ ನಿಲ್ಲಿಸಿಬಿಟ್ರೆ? ಆ ಭಯ ಮೇಡಂ. ಪ್ರತಿ ಸಲ ಬಸ್ ಹತ್ತೋವಾಗ ತಿರುಗಿ ಕೇಳೋನು, 'ಮಾಫ್ ಮಾಡ್ದೇನೋ?' ಅಂತ. 'ಮಾಡ್ದೆ ಭಾಯ್' ಅಂತಿದ್ದೆ. ಪ್ರತಿ ಸಲ ಅಂದೆ."

ಅವನನ್ನು ಬೈಯಲು ನನಗೆ ಯಾವ ಮುಖವಿತ್ತು? ಚಾಚಾ ನನ್ನ ಜಗಲಿಯ ಮೇಲೆ ಕೂತು ಕೇಳಿದ್ದರು, ನಾನು ನಗುತ್ತ ತೀರ್ಪು ಕೊಟ್ಟು ಕಳಿಸಿದ್ದೆ. ಆ ತೀರ್ಪನ್ನು ಹೊತ್ತುಕೊಂಡೇ ಅವರು ಮಣ್ಣಿಗೆ ಹೋದರು.

"ನಿಮ್ಮಣ್ಣ ಸರಿಯಾಗೇ ನೋಡಿದ್ರು" ಎಂದೆ.

ಅವನು ಬಾಗಿಲ ಚೌಕಟ್ಟು ಹಿಡಿದು ತಲೆ ತಗ್ಗಿಸಿದ.

"ಅದನ್ನ ಅವನಿಗೆ ಹೇಳ್ಬೇಕಿತ್ತಲ್ವಾ ಮೇಡಂ" ಎಂದ.